‘ಕ್ಷಣಾರ್ಧದಲ್ಲಿ’ ಎಂಬ ಪದದ ಬಗ್ಗೆ

ಮಾನ್ಯರೇ,

ಭಾರತದ ಅಣ್ವಸ್ತ್ರ ಪಡೆಗಳನ್ನು ನಿರ್ವಹಿಸುವ ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್ ಕುರಿತು ನೀವು ಕಳುಹಿಸಿದ ಲೇಖನ ತಲುಪಿದೆ. ಕನ್ನಡದಲ್ಲಿ ಹೆಚ್ಚು ಮಂದಿ ಕೈಹಾಕದ ವಿಷಯವನ್ನು ಎತ್ತಿಕೊಂಡಿದ್ದೀರಿ, ಭಾಷೆಯೂ ಸ್ವಚ್ಛವಾಗಿದೆ. ಆದರೆ ಮೊದಲ ಪ್ಯಾರಾ ನನ್ನನ್ನು ಎರಡು ದಿನ ಕಾಡಿತು. ಉಳಿದದ್ದನ್ನು ಬಿಟ್ಟು ಅದರ ಬಗ್ಗೆಯೇ ಬರೆಯುತ್ತೇನೆ.

‘ಕಮಾಂಡ್ ಮುಖ್ಯಸ್ಥರ ಒಂದು ಆದೇಶ ಸಾಕು, ಶತ್ರು ದೇಶ ಕ್ಷಣಾರ್ಧದಲ್ಲಿ ಬೂದಿಯಾಗುತ್ತದೆ’ ಎಂದು ಆರಂಭಿಸಿದ್ದೀರಿ. ‘ಮುಖ್ಯಸ್ಥರ ಆದೇಶ’ ಎಂಬುದು ತಪ್ಪು. 2003ರ ಜನವರಿ 4ರಂದು ಸರ್ಕಾರ ಪ್ರಕಟಿಸಿದ ವ್ಯವಸ್ಥೆಯಲ್ಲಿ, ಅಣ್ವಸ್ತ್ರ ಬಳಕೆಗೆ ಅನುಮತಿ ನೀಡುವ ಅಧಿಕಾರವಿರುವುದು ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿಗೆ ಮಾತ್ರ. ರಾಷ್ಟ್ರೀಯ ಭದ್ರತಾ ಸಲಹೆಗಾರರ ಅಧ್ಯಕ್ಷತೆಯ ಕಾರ್ಯಕಾರಿ ಮಂಡಳಿ ನಿರ್ಧಾರಕ್ಕೆ ಬೇಕಾದ ಮಾಹಿತಿ ಒದಗಿಸಿ, ಬಂದ ನಿರ್ದೇಶನವನ್ನು ಜಾರಿಗೊಳಿಸುತ್ತದೆ. ಕಮಾಂಡ್‌ನ ಮುಖ್ಯಸ್ಥರದು ಆ ಪಡೆಗಳ ನಿರ್ವಹಣೆಯ ಹೊಣೆ. ನಿರ್ಧಾರವು ಸಮವಸ್ತ್ರ ತೊಟ್ಟವರ ಕೈಗೆ ಹೋಗದಂತೆ ಕಟ್ಟಿದ ಏರ್ಪಾಟನ್ನು ನಿಮ್ಮ ಒಂದು ವಾಕ್ಯ ತಲೆಕೆಳಗು ಮಾಡಿದೆ.

‘ಕ್ಷಣಾರ್ಧದಲ್ಲಿ’ ಇನ್ನೂ ದೊಡ್ಡ ತಪ್ಪು. ತಾನಾಗಿ ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎಂದು ಘೋಷಿಸಿಕೊಂಡ ದೇಶಕ್ಕೆ, ಏಟು ತಿಂದ ಮೇಲೂ ತಿರುಗಿ ಹೊಡೆಯುವ ಶಕ್ತಿ ಉಳಿದಿರುತ್ತದೆ ಎಂಬ ಖಾತ್ರಿಯೇ ವೇಗಕ್ಕಿಂತ ಮುಖ್ಯ. ಆ ಖಾತ್ರಿ ಎದುರಾಳಿಯ ಮನಸ್ಸಿನಲ್ಲಿ ಕೂತರೆ ಅವನು ಕೈ ಎತ್ತಲು ಹಿಂಜರಿಯುತ್ತಾನೆ. ಅಣ್ವಸ್ತ್ರ ಕ್ಷಿಪಣಿ ಹೊರಬಲ್ಲ ಅರಿಹಂತ್ ಜಲಾಂತರ್ಗಾಮಿ ಮೊದಲ ನಿರೋಧಕ ಗಸ್ತು, ಅಂದರೆ ಎದುರಾಳಿ ದಾಳಿಗೆ ಹಿಂಜರಿಯಲೆಂದು ಕಡಲಲ್ಲಿ ನಡೆಸುವ ಗಸ್ತು, ಮುಗಿಸಿದ್ದನ್ನು 2018ರ ನವೆಂಬರ್ 5ರಂದು ಪ್ರಧಾನಿಯೇ ಪ್ರಕಟಿಸಿದ್ದೇಕೆಂದು ಯೋಚಿಸಿ. ನೆಲದ ಮೇಲಿನ ನೆಲೆಗಳು ನಾಶವಾದರೂ ಕಡಲಾಳದಲ್ಲಿ ಅಡಗಿರುವುದು ಉಳಿಯುತ್ತದೆ. ಅದು ಎಲ್ಲಿದೆ ಎಂಬುದು ಗುಟ್ಟು. ಅದು ಇದೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಬೇಕು. ನಿಮ್ಮ ಲೇಖನದಲ್ಲಿ ಅರಿಹಂತ್ ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿ ಒಂದು ಹೆಸರಾಗಿ ಬಂದು ಹೋಗುತ್ತದೆ.

ಮೂರನೆಯ ಸಾಲಿನಲ್ಲಿ, 2021ರ ಅಕ್ಟೋಬರ್ 27ರಂದು ‘ಅಗ್ನಿ-5 ಕ್ಷಿಪಣಿ ಪ್ರಯೋಗಿಸಲಾಯಿತು’ ಎಂದಿದ್ದೀರಿ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಸುದ್ದಿ ಬಂದ ರಾತ್ರಿ ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ತರಬೇತಿಯಲ್ಲಿದ್ದೆ. ‘ಭಾರತ ಅಣುಬಾಂಬ್ ಪ್ರಯೋಗಿಸಿತು’ ಎಂದು ನಾನು ಬರೆದಿದ್ದ ಹಾಳೆಯನ್ನು ಹಿರಿಯ ಉಪಸಂಪಾದಕರು ಎತ್ತಿಕೊಂಡು, ಆ ಕ್ರಿಯಾಪದದ ಸುತ್ತ ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ‘ಯಾರ ಮೇಲೆ?’ ಎಂದು ಕೇಳಿದರು. ಅಸ್ತ್ರ ಪ್ರಯೋಗಿಸುವುದೆಂದರೆ ಕನ್ನಡದಲ್ಲಿ ಯಾರದೋ ಮೇಲೆ ಬಿಡುವುದು ಎಂಬುದು ನನಗೆ ಹೊಳೆದದ್ದು ಆಗ. ಅವರು ‘ಪರೀಕ್ಷಿಸಿತು’ ಎಂದು ತಿದ್ದಿ ಹಾಳೆಯನ್ನು ಅಚ್ಚಿಗೆ ಕಳುಹಿಸಿದರು. ಬಳಸದಿರಲೆಂದೇ ಕಾಯ್ದಿಟ್ಟ ಅಸ್ತ್ರಗಳ ಕುರಿತು ಬರೆಯುವಾಗ ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ.

ಮೊದಲ ಪ್ಯಾರಾವನ್ನು ರಾಜಕೀಯ ಮಂಡಳಿಯಿಂದ ಆರಂಭಿಸಿ, ಅರಿಹಂತ್‌ಗೆ ತಂದು ನಿಲ್ಲಿಸಿ. ತಿದ್ದಿ ಕಳುಹಿಸಿದರೆ ನಾನೇ ಓದುತ್ತೇನೆ.

— ಸಂಪಾದಕ