ಎರೆಮಣ್ಣಿನ ದಾರಿಯಲ್ಲಿ ಶಾಕ್ಸ್ ಜೋಪಾನ

ಗುಡ್ಡಗಾಡು ಸೈಕಲ್ಲಿನ ಮುಂಗಾಲಿಯ ಫೋರ್ಕ್, ಅಂದರೆ ನಮ್ಮ ಅಂಗಡಿಗಳಲ್ಲಿ ಶಾಕ್ಸ್ ಎಂದೇ ಕರೆಯುವ ಭಾಗದ ಆರೈಕೆಯ ಬಗ್ಗೆ ಓದುಗರು ಕೇಳಿರುವ ನಾಲ್ಕು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಾರಕ್ಕೆರಡು ಸಲ ಡಂಬಳ, ಡೋಣಿಯ ಕಡೆಗೆ ಹೊಲದ ದಾರಿಗಳಲ್ಲಿ ಸೈಕಲ್ ಹೊಡೆಯುತ್ತೇನೆ. ಗಾಳಿ ತುಂಬುವ ಫೋರ್ಕ್ ಇದೆ. ಕೊಂಡು ಎರಡು ವರ್ಷವಾದರೂ ಒಮ್ಮೆಯೂ ಬಿಚ್ಚಿಸಿಲ್ಲ. ಈಗ ಕೊಳವೆಗಳ ಮೇಲೆ ಎಣ್ಣೆಯ ಉಂಗುರ ಕಾಣುತ್ತಿದೆ, ಸಣ್ಣ ಕಲ್ಲುಗಳ ಮೇಲೂ ಕೈ ಅದುರುತ್ತದೆ. ಸೀಲ್ ಹೋಗಿದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಗದಗ

ಉತ್ತರ: ಎಣ್ಣೆಯ ಉಂಗುರವೊಂದನ್ನೇ ನೋಡಿ ಸೀಲ್, ಅಂದರೆ ಕೊಳವೆಯ ಸುತ್ತ ಎಣ್ಣೆಯನ್ನೂ ದೂಳನ್ನೂ ತಡೆಯುವ ರಬ್ಬರ್ ಪಟ್ಟಿ, ಹೋಗಿದೆ ಎನ್ನಲಾಗದು. ಮೇಲಿನ ನುಣುಪು ಕೊಳವೆ ಕೆಳಗಿನ ಕವಚದೊಳಗೆ ಇಳಿದು ಏರುವಾಗ ತೆಳುವಾದ ಎಣ್ಣೆಪದರ ಹೊರಬರುವುದು ಸಹಜ. ಅದು ಬರದಿದ್ದರೇ ಒಳಗೆ ಒಣಗಿದೆ ಎಂದು ಅನುಮಾನಿಸಬೇಕು. ಬಟ್ಟೆಯಿಂದ ಒರೆಸಿದ ಮೇಲೆ ಹತ್ತು ಸಲ ಒತ್ತಿ ನೋಡಿದಾಗ ಎಣ್ಣೆ ಹನಿಯಾಗಿ ಕೆಳಗಿಳಿದರೆ ಮಾತ್ರ ಸೀಲಿನ ಮಾತು ಬರುತ್ತದೆ.

ನಿಮ್ಮ ಕೈ ಅದುರುವುದಕ್ಕೆ ಕಾರಣ ಬಹುಶಃ ಬೇರೆಯೇ ಇದೆ. ಕೆಳಗವಚದಲ್ಲಿ ಇರುವುದು ಫೋರ್ಕಿನ ಪ್ರತಿ ಕಾಲಿಗೆ ಕೆಲವೇ ಮಿಲಿಲೀಟರ್ ಎಣ್ಣೆ. ಅದು ಸೀಲಿನ ಕೆಳಗಿರುವ ಸ್ಪಂಜಿನ ಉಂಗುರವನ್ನು ತೋಯಿಸಿ, ಉಂಗುರವು ಕೊಳವೆಯನ್ನು ಸವರುತ್ತಿರಬೇಕು. ಎರೆಯ ದೂಳು ಹಿಟ್ಟಿನಷ್ಟು ಸಣ್ಣದಾಗಿರುವುದರಿಂದ ಸೀಲಿನ ತುಟಿಯನ್ನು ದಾಟಿ ಈ ಸ್ಪಂಜಿನಲ್ಲಿ ಕೂರುತ್ತದೆ. ಎಣ್ಣೆಯೊಡನೆ ಕಲೆತು ಸಾಣೆಯ ಲೇಪದಂತಾಗಿ ಕೊಳವೆಯ ಮೇಲ್ಪದರವನ್ನೇ ಸವೆಸುತ್ತದೆ. ಆ ಪದರ ಹೋಗಿ ಅಲ್ಯೂಮಿನಿಯಂ ಬೆಳ್ಳಗೆ ಕಂಡಿತೆಂದರೆ ಹೊಸ ಸೀಲ್ ಹಾಕಿದರೂ ನಿಲ್ಲದು. ಮೇಲಿನ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ, ಅದರ ಬೆಲೆಗೆ ಹೊಸ ಫೋರ್ಕಿನ ಯೋಚನೆಯೇ ಬರುತ್ತದೆ. ಆದ್ದರಿಂದ ಮೊದಲು ಕೊಳವೆಯ ಹಿಂಬದಿಯನ್ನು ಬಿಸಿಲಿಗೆ ಹಿಡಿದು ನೋಡಿ, ಉಗುರಿನ ತುದಿಯನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲಿಯೂ ತಡೆಯದಿದ್ದರೆ ನೀವು ಅದೃಷ್ಟವಂತರು.

ರಾಕ್‌ಶಾಕ್ಸ್‌ನ ಬಹಳಷ್ಟು ಫೋರ್ಕುಗಳಿಗೆ ಕೆಳಗವಚದ ಸರ್ವಿಸನ್ನು 50 ಗಂಟೆಯ ಸವಾರಿಗೊಮ್ಮೆ ಮಾಡಿಸಬೇಕೆಂದು ಕಂಪನಿಯೇ ಹೇಳುತ್ತದೆ. ವಾರಕ್ಕೆ ನಾಲ್ಕು ಗಂಟೆ ಓಡಿಸಿದರೆ ಮೂರು ತಿಂಗಳಿಗೊಮ್ಮೆ ಆ ಲೆಕ್ಕ ತುಂಬುತ್ತದೆ; ನಿಮ್ಮದು ಎರಡು ವರ್ಷದ ಬಾಕಿ. ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಗಾಳಿಯನ್ನು ಪೂರ್ತಿ ಬಿಡಬೇಕು. ಗಾಳಿಯಿರುವಾಗ ಬಿಚ್ಚಿದರೆ ಭಾಗಗಳು ಸಿಡಿದು ಗಾಯವಾಗಬಹುದು. ಕೆಳಗಿನ ಎರಡು ಬೋಲ್ಟುಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಅವುಗಳ ತಲೆಯ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗಿನ ದಂಡ ಬಿಡಿಸಿಕೊಳ್ಳುತ್ತದೆ. ಬಳಿಕ ಬೋಲ್ಟುಗಳನ್ನು ಪೂರ್ತಿ ತೆಗೆದು, ಕೆಳಗೊಂದು ಬೋಗುಣಿಯಿಟ್ಟು ಕವಚವನ್ನು ಎಳೆಯಿರಿ. ನಿಮ್ಮಲ್ಲಿ ಬೀಳುವುದು ಎಣ್ಣೆಗಿಂತ ಕಾಡಿಗೆಯಂತಹ ಕೆಸರೇ ಆಗಿದ್ದರೆ ಗಾಬರಿಯಾಗಬೇಡಿ. ನೂಲು ಬಿಡದ ಬಟ್ಟೆಯನ್ನು ಕೋಲಿಗೆ ಸುತ್ತಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒಳಗನ್ನು ಶುಚಿಗೊಳಿಸಿ, ಸ್ಪಂಜಿನ ಉಂಗುರಗಳನ್ನು ತೊಳೆದು ಹೊಸ ಎಣ್ಣೆಯಲ್ಲಿ ನೆನೆಸಿ, ನಿಮ್ಮ ಮಾದರಿಯ ಕೈಪಿಡಿ ಹೇಳಿದಷ್ಟೇ ಎಣ್ಣೆಯನ್ನು ಪಿಚಕಾರಿಯಿಂದ ಬೋಲ್ಟಿನ ತೂತಿನ ಮೂಲಕ ಬಿಡಬೇಕು. ಬೋಲ್ಟುಗಳ ಕೆಳಗಿನ ಚಿಕ್ಕ ವಾಷರುಗಳು ಒಮ್ಮೆ ಒತ್ತಿ ಚಪ್ಪಟೆಯಾದ ಮೇಲೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಹೊಸವನ್ನೇ ಹಾಕಿ. ಸೀಲಿನ ತುಟಿ ಹರಿದಿದೆಯೋ ಇಲ್ಲವೋ ಎಂಬುದು ಈಗ ಕಣ್ಣಿಗೇ ಕಾಣುವುದರಿಂದ ಅದನ್ನು ಬದಲಿಸುವ ನಿರ್ಧಾರವನ್ನು ಇಲ್ಲಿಯವರೆಗೆ ಮುಂದೂಡುವುದು ಲೇಸು.

ಇದಕ್ಕಿಂತಲೂ ಅಗ್ಗದ ಕೆಲಸವೊಂದಿದೆ. ಸವಾರಿ ಮುಗಿದ ಕೂಡಲೇ ಕೊಳವೆ ಮತ್ತು ಸೀಲು ಕೂಡುವ ಜಾಗವನ್ನು ಒಣಬಟ್ಟೆಯಿಂದ ಒರೆಸಿ. ಹಸಿ ಎರೆ ಮೆತ್ತಿದ್ದರೆ ಒಣಗಲು ಬಿಡದೆ ನೀರು ಸುರಿದು ಕೈಯಿಂದಲೇ ತೊಳೆಯಿರಿ. ವಾಹನ ತೊಳೆಯುವ ರಭಸದ ನೀರಿನ ಪೈಪನ್ನು ಮಾತ್ರ ಸೀಲಿನ ಹತ್ತಿರ ತರಬೇಡಿ. ನನ್ನ ಮೊದಲ ಫೋರ್ಕ್ ಹಾಳಾದದ್ದು ಗುಡ್ಡದಲ್ಲಲ್ಲ, ಅಂಥದೊಂದು ಪೈಪಿನ ಮುಂದೆ. ಪೈಪು ಹಿಡಿದವನೂ ನಾನೇ.

ಪ್ರಶ್ನೆ: ನಮ್ಮ ಓಣಿಯ ಮೋಟಾರ್ ಸೈಕಲ್ ಗ್ಯಾರೇಜಿನವರು ಬೈಕಿನ ಫೋರ್ಕ್ ಎಣ್ಣೆಯನ್ನೇ ನನ್ನ ಸೈಕಲ್ಲಿಗೂ ಹಾಕಿಕೊಡುತ್ತೇವೆ ಎನ್ನುತ್ತಾರೆ. ಹಾಕಿಸಬಹುದೇ?
— ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಎಲ್ಲಿಗೆ ಹಾಕುತ್ತಾರೆ ಎಂಬುದನ್ನು ಮೊದಲು ಕೇಳಿ. ಕೆಳಗವಚದ ಎಣ್ಣೆಯ ಕೆಲಸ ಜಾರಿಕೆ ಮಾತ್ರ; ಅಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆದೀತು. ಪುಟಿತವನ್ನು ತಗ್ಗಿಸುವ ಒಳಭಾಗವಾದ ಡ್ಯಾಂಪರಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾಯುತ್ತ ಸ್ಪ್ರಿಂಗಿನ ಪುಟಿತವನ್ನು ಹಿಡಿದಿಡುತ್ತದೆ. ಅದರ ದಪ್ಪ ಬದಲಾದರೆ ಫೋರ್ಕಿನ ಸ್ವಭಾವವೇ ಬದಲಾಗುತ್ತದೆ. ಡಬ್ಬಿಯ ಮೇಲೆ ದಪ್ಪ ಸೂಚಿಸುವ 10ಡಬ್ಲ್ಯೂ ಎಂಬ ಗುರುತಿದ್ದರೂ ಒಂದು ಕಂಪನಿಯ ಎಣ್ಣೆ ಇನ್ನೊಂದರದಷ್ಟೇ ದಪ್ಪವಿರುತ್ತದೆ ಎಂಬ ಖಾತ್ರಿಯಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಅಳತೆಯದು. ಬೈಕಿನ ಕಾಲಿಗೆ ನೂರಾರು ಮಿಲಿಲೀಟರ್ ಸುರಿದು ರೂಢಿಯಾದ ಕೈ ಸೈಕಲ್ಲಿಗೂ ಧಾರಾಳವಾಗಿ ಸುರಿದರೆ, ಒಳಗಿನ ಗಾಳಿಗೆ ಜಾಗವಿಲ್ಲದೆ ಫೋರ್ಕ್ ಅರ್ಧದಲ್ಲೇ ಕಟ್ಟಿಕೊಳ್ಳುತ್ತದೆ, ಸೀಲೂ ಹೊರಗೆ ತಳ್ಳಿಸಿಕೊಳ್ಳುತ್ತದೆ.

ಪ್ರಶ್ನೆ: ಫೋರ್ಕಿನಲ್ಲಿ ಗಾಳಿ ಎಷ್ಟಿರಬೇಕು? ಪಂಪು ಜೋಡಿಸಿದಾಗಲೆಲ್ಲ ನಿನ್ನೆಗಿಂತ ಕಡಿಮೆ ತೋರಿಸುತ್ತದೆ, ತೆಗೆಯುವಾಗ ಬುಸ್ ಎನ್ನುತ್ತದೆ. ಸೋರುತ್ತಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಸೋರುತ್ತಿರುವ ಲಕ್ಷಣ ಇದಲ್ಲ. ಪಂಪಿನ ಕೊಳವೆ ತುಂಬಲು ಫೋರ್ಕಿನಿಂದಲೇ ಸ್ವಲ್ಪ ಗಾಳಿ ಹೋಗುತ್ತದೆ. ತೆಗೆಯುವಾಗ ಕೇಳುವ ಸದ್ದು ಆ ಕೊಳವೆಯಲ್ಲಿ ಉಳಿದ ಗಾಳಿಯದು. ಬಿಸಿಲೂ ಆಟವಾಡುತ್ತದೆ: ಬೆಳಗಿನ 20 ಡಿಗ್ರಿಯಲ್ಲಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದು ಮಧ್ಯಾಹ್ನದ 40 ಡಿಗ್ರಿಯಲ್ಲಿ ಸುಮಾರು 86 ಆಗುತ್ತದೆ. ಆದುದರಿಂದ ಅಂಕಿಗಿಂತ ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಫೋರ್ಕ್ ಎಷ್ಟು ಕುಗ್ಗುತ್ತದೆ ಎಂಬುದನ್ನು ನೋಡುವುದೇ ಸರಿ. ನೀರಿನ ಬಾಟಲಿ, ಚೀಲ, ಹೆಲ್ಮೆಟ್ಟಿನೊಡನೆ ಗೋಡೆ ಹಿಡಿದು ಸೈಕಲ್ಲೇರಿ, ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಸೀಲಿನವರೆಗೆ ಇಳಿಸಿ, ಪುಟಿಸದೆ ಮೆಲ್ಲಗೆ ಇಳಿಯಿರಿ; ಆಗ ಸೀಲಿಗೂ ಉಂಗುರಕ್ಕೂ ನಡುವೆ ಕಾಣುವ ದೂರವೇ ಸ್ಯಾಗ್. 100 ಮಿ.ಮೀ. ಚಲನೆಯ ಫೋರ್ಕಿಗೆ 20ರಿಂದ 25 ಮಿ.ಮೀ. ಇದ್ದರೆ ನುಗ್ಗಿಕೇರಿಯ ಕಡೆಯ ದಾರಿಗಳಿಗೆ ಸಾಕು. ಟೈರಿನ ಪಂಪನ್ನು ಬಳಸಬೇಡಿ. ಅದರ ಒಂದೇ ಹೊಡೆತಕ್ಕೆ ಅಳತೆ ಮೀರುತ್ತದೆ.

ಪ್ರಶ್ನೆ: ನನ್ನದು ಕಡಿಮೆ ಬೆಲೆಯ, ಒಳಗೆ ಉಕ್ಕಿನ ಸ್ಪ್ರಿಂಗಿರುವ ಫೋರ್ಕ್. ಬ್ರೇಕ್ ಹಿಡಿದಾಗ ಟಕ್ ಎನ್ನುತ್ತದೆ. ಮೇಲಿನ ತಿರುಪನ್ನು ಪೂರ್ತಿ ಬಿಗಿ ಮಾಡಿದರೂ ಹೋಗಲಿಲ್ಲ.
— ಕಾಲೇಜು ವಿದ್ಯಾರ್ಥಿ, ಹಾವೇರಿ

ಉತ್ತರ: ಆ ತಿರುಪು ಸ್ಪ್ರಿಂಗನ್ನು ಗಡುಸು ಮಾಡುವುದಿಲ್ಲ, ಮೊದಲೇ ತುಸು ಒತ್ತಿ ಇಡುತ್ತದೆ ಅಷ್ಟೆ, ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸುತ್ತ, ಇನ್ನೊಂದು ಕೈಯ ಬೆರಳನ್ನು ಹ್ಯಾಂಡಲ್ ಕೆಳಗಿನ ಬೇರಿಂಗ್ ಬಟ್ಟಲಿನ ಸಂದಿಗೆ ಇಡಿ. ಅಲ್ಲಿ ಅಲುಗಾಟ ಸಿಕ್ಕರೆ ಹೆಡ್‌ಸೆಟ್, ಅಂದರೆ ಆ ಬೇರಿಂಗ್ ಜೋಡಣೆ, ಸಡಿಲವಾಗಿದೆ, ಐದು ನಿಮಿಷದ ಕೆಲಸ. ಅಲ್ಲಿ ಸಿಗದೆ ಸೀಲಿನ ಹತ್ತಿರ ಸಿಕ್ಕರೆ ಒಳಗಿನ ಬುಷ್, ಅಂದರೆ ಕೊಳವೆ ಜಾರುವ ಬಳೆ, ಸವೆದಿದೆ. ಅಗ್ಗದ ಫೋರ್ಕಿನ ಬುಷ್ ಬದಲಿಸಲು ಆಗುವ ಖರ್ಚು ಅನೇಕ ವೇಳೆ ಆ ಫೋರ್ಕಿನ ಬೆಲೆಗೆ ಹತ್ತಿರವಾಗುವುದರಿಂದ ನಾನಾದರೆ ಖರ್ಚು ಮಾಡುವುದಿಲ್ಲ. ಕವಚ ಬಿಚ್ಚಿ, ಹಳೆಯ ಗ್ರೀಸ್ ಒರೆಸಿ, ಸಸ್ಪೆನ್ಶನ್ನಿಗೆಂದೇ ಬರುವ ಗ್ರೀಸನ್ನು ತೆಳುವಾಗಿ ಸವರಿ, ಸದ್ದಿನೊಡನೆಯೇ ಕಾಲೇಜಿಗೆ ಓಡಿಸುತ್ತೇನೆ. ಅಲುಗಾಟ ಕಣ್ಣಿಗೆ ಕಾಣುವಷ್ಟಾದರೆ ಮಾತ್ರ ಇಳಿಜಾರಿನ ಸವಾರಿಯನ್ನು ನಿಲ್ಲಿಸಿ, ಫೋರ್ಕನ್ನೇ ಬದಲಿಸಿ.