ದಾಂಡೇಲಿ ಸಫಾರಿ, ಕಾರವಾರದ ಕಡಲು: ಎರಡು ರಾತ್ರಿಗೆ ಹೊಂದಿಸೋದು

ಅಪ್ಪ-ಅಮ್ಮನ ಜೊತೆ ಎರಡು ರಾತ್ರಿಯಲ್ಲಿ ದಾಂಡೇಲಿ ಸಫಾರಿ, ಕಾರವಾರದ ಕಡಲು ಎರಡನ್ನೂ ಹೇಗೆ ಹೊಂದಿಸೋದು ಅಂತ ಕೇಳಿದ್ರಿ. ಎರಡೂ ರಾತ್ರಿ ಕಾರವಾರದಲ್ಲೇ ರೂಮ್ ಹಿಡಿದು, ಅಲ್ಲಿಂದಲೇ ಬೆಳಗಿನ ದಾಂಡೇಲಿ ಸಫಾರಿಗೆ ಹೋಗಿಬರೋಣ ಅಂದ್ಕೊಂಡಿದ್ದೀರಲ್ಲ, ತೊಡಕು ಅಲ್ಲೇ ಇರೋದು. ನಡುವೆ ನೂರು ಕಿ.ಮೀ. ಹತ್ತಿರ, ಅದರಲ್ಲಿ ಅಣಶಿ ಘಟ್ಟ ಬೇರೆ. ಅಪ್ಪ-ಅಮ್ಮನ್ನ ಕರ್ಕೊಂಡು ರಾತ್ರಿ ಮೂರಕ್ಕೇ ಹೊರಡಬೇಕಾಗುತ್ತೆ.

ಮೊದಲ ರಾತ್ರಿ ದಾಂಡೇಲಿಯಲ್ಲಿ ಉಳೀರಿ. ದಾಂಡೇಲಿ ಹತ್ತಿರದ ಫಣಸೋಲಿಯಿಂದ ಹೊರಡೋ ಬೆಳಗಿನ ಸಫಾರಿ ಮುಂಚೆಯೇ ಬುಕ್ ಮಾಡಿ. ದಟ್ಟ ಕಾಡು, ಹುಲಿ ಕಾಣುತ್ತೆ ಅಂತ ಆಸೆ ಇಟ್ಕೋಬೇಡಿ. ಕಾಡುಕೋಣ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ಸಿಗಬಹುದು. ಮೇಲೆ ಉಗಿಬಂಡಿ ಹೋದಂಗೆ ಪುಸ್ ಪುಸ್ ಸದ್ದಾದ್ರೆ ತಲೆ ಎತ್ತಿ, ಅದು ದೊಡ್ಡ ಮಂಗಟ್ಟೆಯ ರೆಕ್ಕೆ ಬಡಿತ.

ತಿಂಡಿ ಮುಗಿಸಿ ಜೋಯಿಡಾ, ಅಣಶಿ, ಕದ್ರಾ ಮೇಲೆ ಹಗಲಲ್ಲೇ ಕಾರವಾರಕ್ಕೆ ಇಳೀರಿ. ಮಳೆಗಾಲವಾದ್ರೆ ಗುಡ್ಡ ಕುಸಿದಿದೆಯಾ ಅಂತ ಹೊರಡೋ ಮುಂಚೆ ಕೇಳ್ಕೊಳ್ಳಿ. ಎರಡನೇ ರಾತ್ರಿಗೆ ಊರೊಳಗಿಂತ ಹತ್ತಿರದ ಮಾಜಾಳಿ ಕಡಲತೀರದ ಕಡೆ ರೂಮ್ ನೋಡಿ, ಗದ್ದಲ ಕಡಿಮೆ.