ಅಪ್ಪನ ಕ್ಯಾಸೆಟ್ಟು, ಮುರಿದ ಜೋಡಿಗಳ ಸಾಥ್

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ಹಳೇ ಕ್ಯಾಸೆಟ್ ಒಂದು ಸಿಕ್ಕಿತು. ಮೇಲೆ ಬಾಲ್‌ಪೆನ್ನಿನಲ್ಲಿ 'ಫ್ಲೀಟ್‌ವುಡ್ ಮ್ಯಾಕ್ - ರೂಮರ್ಸ್' ಎಂದು ಬರೆದಿದೆ. ಹಚ್ಚಿದರೆ ದನಿ ಮಂಕಾಗಿ ಬರುತ್ತದೆ. ಅವೇ ಹಾಡುಗಳನ್ನು ಫೋನಿನಲ್ಲೂ ಕೇಳಿದೆ. ಕಿವಿಗೆ ಹಿತ ಅನಿಸಿತು, ಅಷ್ಟೇ. ಅಪ್ಪನಿಗೆ ಇದರ ಹುಚ್ಚು ಯಾಕಿತ್ತು ಅಂತ ತಿಳಿಯಲಿಲ್ಲ. ಇದರಲ್ಲಿ ಏನನ್ನು ಕೇಳಬೇಕು?
— ಒಬ್ಬ ಓದುಗ, ಗದಗ

ಉತ್ತರ: 'ರೂಮರ್ಸ್' ಅಂದರೆ ಫ್ಲೀಟ್‌ವುಡ್ ಮ್ಯಾಕ್ ಅನ್ನುವ ರಾಕ್ ತಂಡದ ಆಲ್ಬಮ್. ನಿಮ್ಮ ಪತ್ರ ಓದಿದ ಕೂಡಲೇ ಕಪಾಟಿನಿಂದ ನನ್ನ ಕ್ಯಾಸೆಟ್ ತೆಗೆದೆ. ನನ್ನದೂ ಅಂಗಡಿಯಲ್ಲಿ ತುಂಬಿಸಿದ್ದೇ. ಆಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಹುಬ್ಬಳ್ಳಿಯ ಸ್ಟೇಷನ್ ರೋಡಿನ ಹತ್ತಿರ ಒಂದು ಅಂಗಡಿ. ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ವಾರ ಬಿಟ್ಟು ಹಾಡು ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್. ಈ ಆಲ್ಬಮ್ಮಿನ ಒಂದೊಂದು ಬದಿ ಸುಮಾರು 20 ನಿಮಿಷ ಅಷ್ಟೇ. ಉಳಿದ ಜಾಗ ಸುಮ್ನೆ ಯಾಕೆ ಹಾಳು ಅಂತ ಅವ್ವ ದಾಸರ ಪದ ತುಂಬಿಸಲು ಹೇಳಿದ್ದಳು. ಇವತ್ತಿಗೂ ಮೊದಲ ಬದಿಯ ಕೊನೆ ಹಾಡು 'ಸಾಂಗ್‌ಬರ್ಡ್' ಮುಗಿದರೆ ನನ್ನ ಕಿವಿ ತಂಬೂರಿಗೆ ಕಾಯುತ್ತದೆ.

ಆಲ್ಬಮ್ ಬಂದದ್ದು 1977ರ ಫೆಬ್ರವರಿಯಲ್ಲಿ. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಒಟ್ಟು 31 ವಾರ ಮೊದಲ ಸ್ಥಾನದಲ್ಲಿತ್ತು. ಅದಿರಲಿ. ತಂಡದಲ್ಲಿ ಐದು ಜನ, ಆ ಐವರಲ್ಲಿ ಎರಡು ಜೋಡಿ. 1976ರಲ್ಲಿ ರೆಕಾರ್ಡಿಂಗ್ ನಡೆಯುವಾಗ ಎರಡೂ ಜೋಡಿ ಮುರಿದಿದ್ದವು. ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್ ಮನೆಯಲ್ಲೂ ಅದೇ ಕಥೆ. ಆದರೂ ದಿನಾ ಅದೇ ಸ್ಟುಡಿಯೋ, ಅವೇ ಮುಖಗಳು.

ಗಿಟಾರ್ ನುಡಿಸುವ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಗಾಯಕಿ ಸ್ಟೀವಿ ನಿಕ್ಸ್ ಒಂದು ಜೋಡಿ. 'ಗೋ ಯುವರ್ ಓನ್ ವೇ' ಹಾಡನ್ನು ಲಿಂಡ್ಸೆ ಬರೆದದ್ದು ಸ್ಟೀವಿಯನ್ನು ನೆನೆದು. ನಿನ್ನ ದಾರಿ ನೀನು ಹಿಡಿ ಅನ್ನುವ ಆ ಹಾಡಿಗೆ ಹಿಂದಿನಿಂದ ದನಿಗೂಡಿಸಿದವರಲ್ಲಿ ಸ್ಟೀವಿಯೂ ಇದ್ದಾರೆ! ಇನ್ನು ಎರಡನೇ ಬದಿಯ 'ಯು ಮೇಕ್ ಲವಿಂಗ್ ಫನ್'. ಇನ್ನೊಂದು ಜೋಡಿಯ ಗಾಯಕಿ ಕ್ರಿಸ್ಟೀನ್ ಮ್ಯಾಕ್‌ವೀ ಅದನ್ನು ಬರೆದದ್ದು ಹೊಸ ಗೆಳೆಯನ ಮೇಲೆ. ಬಾಸ್ ಗಿಟಾರ್ ನುಡಿಸಿದ್ದು ಅವರಿಂದ ದೂರವಾದ ಗಂಡ ಜಾನ್. ಇದು ನನ್ನ ನಾಯಿಯ ಮೇಲಿನ ಹಾಡು ಅಂತ ಕ್ರಿಸ್ಟೀನ್ ಜಾನ್‌ಗೆ ಹೇಳಿದ್ದರಂತೆ. ಹೆಡ್‌ಫೋನ್ ಹಾಕಿಕೊಂಡು ಆ ಬಾಸ್ ಒಂದನ್ನೇ ಹಿಡಿದು ಕೇಳಿ. ಎಲ್ಲೂ ಕೈ ತಡವರಿಸುವುದಿಲ್ಲ. ಸಿಟ್ಟಿನಿಂದ ಜೋರಾಗುವುದೂ ಇಲ್ಲ. ಕ್ರಿಸ್ಟೀನ್ ಹಾಡುವಾಗ ತಗ್ಗುತ್ತದೆ, ಉಸಿರು ತೆಗೆದುಕೊಳ್ಳುವಾಗ ಜಾಗ ತುಂಬುತ್ತದೆ.

ಹಿಂದೂಸ್ತಾನಿ ಸಂಗೀತದ ಬೈಠಕ್ ಕೇಳಿ ಬೆಳೆದ ನಾವು ಇದಕ್ಕೆ ಸಾಥ್ ಅಂತೀವಿ ಅಲ್ವಾ? ಗಾಯಕರ ಮೇಲೆ ಎಷ್ಟೇ ಮುನಿಸಿದ್ದರೂ ಒಳ್ಳೆ ಹಾರ್ಮೋನಿಯಂ ಸಾಥಿ ಅವರ ಸ್ವರದ ಕೈ ಬಿಡುವುದಿಲ್ಲ. ನೀವು ಸಂಗೀತಕ್ಕೆ ಹೆಸರಾದ ವೀರೇಶ್ವರ ಪುಣ್ಯಾಶ್ರಮದ ಊರಿನವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನ್ನನ್ನು ಕೇಳಿದರೆ ಈ ಆಲ್ಬಮ್ಮಿನಲ್ಲಿ ಕೇಳಬೇಕಾದದ್ದು ಆ ಸಾಥ್. ಸುಮ್ನೆ ಹಿನ್ನೆಲೆಯಲ್ಲಿ ಬಿಟ್ಟರೆ ಅದು ಸಿಗುವುದಿಲ್ಲ, ಮೆತ್ತಗಿನ ಹಾಡು ಅಂತ ಅನಿಸಿ ಹೋಗಿಬಿಡುತ್ತದೆ. ನನಗೂ ಮೊದಲು ಹಾಗೇ ಆಗಿತ್ತು.

ದನಿ ಮಂಕಾದದ್ದಕ್ಕೆ ಬೇಸರ ಬೇಡ. ಆ ಆಲ್ಬಮ್ಮಿನ ಮೂಲ ಟೇಪಿಗೇ ಈ ಗತಿ ಬಂದಿತ್ತು. ಒಂದರ ಮೇಲೊಂದು ದನಿ, ವಾದ್ಯ ಸೇರಿಸಲು ತಿಂಗಳುಗಟ್ಟಲೆ ಅದನ್ನೇ ತಿರುಗಿಸಿದ್ದರು. ಟೇಪ್ ಸವೆದು ಡ್ರಮ್ಸಿನ ಚುರುಕು ಹೋಗಿತ್ತು. ಪುಣ್ಯಕ್ಕೆ ಮೊದಲಿನ ರೆಕಾರ್ಡಿಂಗಿನ ಇನ್ನೊಂದು ಪ್ರತಿ ಇತ್ತು. ತಂತ್ರಜ್ಞರೊಬ್ಬರು ಒಂದು ಕಿವಿಗೆ ಸವೆದ ಟೇಪು, ಇನ್ನೊಂದಕ್ಕೆ ಆ ಪ್ರತಿ ಕೇಳಿಸಿಕೊಳ್ಳುತ್ತಾ, ವೇಗವನ್ನು ಕೈಯಿಂದಲೇ ಹೊಂದಿಸಿ ಎರಡನ್ನೂ ಕೂಡಿಸಿದರು. ಅದೂ ಒಂದು ಸಾಥ್ ಅಂತಲೇ ನಾನು ತಿಳಿದಿದ್ದೇನೆ.

ನಿಮ್ಮ ಕ್ಯಾಸೆಟ್ಟಿಗೆ ಅಷ್ಟೆಲ್ಲ ಬೇಕಿಲ್ಲ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಟೇಪ್‌ರೆಕಾರ್ಡರಿನ ಹೆಡ್, ಅಂದರೆ ಟೇಪು ತಾಗಿ ಹಾಯುವ ಲೋಹದ ಭಾಗ, ಒರೆಸಿ. ಹತ್ತಿಗೆ ಕಂದು ಬಣ್ಣ ಅಂಟುವುದು ನಿಲ್ಲುವ ತನಕ ಒರೆಸಿ, ಆರಲು ಬಿಡಿ. ಆಮೇಲೆ ಕ್ಯಾಸೆಟ್ಟನ್ನು ಪೂರ್ತಿ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸಿ. ಅಂಟಿದ ರೀಲು ಬಿಡುತ್ತದೆ. ಸಿಕ್ಕಿಕೊಂಡರೆ ಜಗ್ಗಬೇಡಿ, ಪೆನ್ಸಿಲ್ ಹಾಕಿ ಮೆಲ್ಲಗೆ ಸುತ್ತಿ. ಇಷ್ಟಾದ ಮೇಲೂ ಯಾವುದೋ ಒಂದು ಹಾಡು ಮಾತ್ರ ಉಳಿದವಕ್ಕಿಂತ ಜಾಸ್ತಿ ಮಂಕಾಗಿ ಕೇಳಿದರೆ, ಅಪ್ಪ ಅದನ್ನೇ ಜಾಸ್ತಿ ಹಚ್ಚಿರಬೇಕು. ಯಾವುದು ಅಂತ ನನಗೂ ಬರೆಯಿರಿ.